ಮಾಲಗಾದ ಪವಿತ್ರ ವಾರದ ಮೆರವಣಿಗೆಗಳು: ಯಾವ ದಿನ ನೋಡಬೇಕು?

ಪ್ರಶ್ನೆ:
ಸ್ಪೇನಿನ ದಕ್ಷಿಣ ಕರಾವಳಿಯ ಮಾಲಗಾದಲ್ಲಿ ಈಸ್ಟರ್‌ಗೆ ಮುಂಚಿನ ವಾರವನ್ನು ಕಳೆಯುವ ಉದ್ದೇಶವಿದೆ. ಅಲ್ಲಿಯ ಮೆರವಣಿಗೆಗಳು ಸೆವಿಲ್ಲಾದವುಗಳಿಗಿಂತ ಹೇಗೆ ಭಿನ್ನ ಮತ್ತು ಯಾವ ದಿನವನ್ನು ತಪ್ಪಿಸಿಕೊಳ್ಳಬಾರದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಮುಖ್ಯ ವ್ಯತ್ಯಾಸವಿರುವುದು ಹೊರುವ ರೀತಿಯಲ್ಲಿ. ಸೆವಿಲ್ಲಾದಲ್ಲಿ ಹೊರುವವರು ವಿಗ್ರಹಪೀಠದ ಅಡಿಯಲ್ಲಿ, ಬಟ್ಟೆಯ ಮರೆಯಲ್ಲಿದ್ದು ಕತ್ತಿನ ಬುಡದ ಮೇಲೆ ಭಾರ ಹೊರುತ್ತಾರೆ. ಮಾಲಗಾದಲ್ಲಿ ‘ಟ್ರೋನೊ’ ಎಂಬ ಬೃಹತ್ ಪೀಠದ ಉದ್ದನೆಯ ತೊಲೆಗಳನ್ನು ಹೆಗಲಿಗೇರಿಸಿ, ಗಂಟೆಯ ಸೂಚನೆಯಂತೆ, ಎಲ್ಲರಿಗೂ ಕಾಣುವಂತೆ ಸಾಗುತ್ತಾರೆ. ದೊಡ್ಡ ಪೀಠಗಳಿಗೆ 200ಕ್ಕೂ ಹೆಚ್ಚು ಮಂದಿ ಬೇಕು. ಆ ಮುಖಗಳಲ್ಲಿನ ಶ್ರಮ ಮತ್ತು ಭಕ್ತಿಯನ್ನು ಹತ್ತಿರದಿಂದ ಕಾಣುವುದೇ ನನ್ನ ದೃಷ್ಟಿಯಲ್ಲಿ ಮಾಲಗಾದ ಹಿರಿಮೆ.

ಉತ್ತರ 2:
ಬುಧವಾರವನ್ನು ಖಂಡಿತ ಬಿಡಬೇಡಿ. 18ನೆಯ ಶತಮಾನದಲ್ಲಿ ಸಾಂಕ್ರಾಮಿಕ ರೋಗದಿಂದ ಮೆರವಣಿಗೆ ನಿಂತಾಗ ಸೆರೆಯಾಳುಗಳೇ ಹೊರಬಂದು ಯೇಸುವಿನ ವಿಗ್ರಹವನ್ನು ಹೊತ್ತು, ಬಳಿಕ ತಾವಾಗಿಯೇ ಸೆರೆಮನೆಗೆ ಮರಳಿದರೆಂದೂ, ಇದನ್ನು ಮೆಚ್ಚಿದ ದೊರೆ ಮೂರನೆಯ ಕಾರ್ಲೋಸ್ ಪ್ರತಿವರ್ಷ ಒಬ್ಬ ಕೈದಿಯ ಬಿಡುಗಡೆಗೆ ಅವಕಾಶವಿತ್ತನೆಂದೂ ಪ್ರತೀತಿಯಿದೆ. ‘ಎಲ್ ರಿಕೊ’ ಎಂಬ ಆ ವಿಗ್ರಹದ ಚಲಿಸುವ ತೋಳು ಇಂದಿಗೂ ಜನರನ್ನು ಹರಸುತ್ತದೆ.

ಗುರುವಾರ ಸ್ಪೇನಿನ ಲೀಜನ್ ಸೈನಿಕರು ಶಿಲುಬೆಯ ಕ್ರಿಸ್ತನನ್ನು ಕೈಗಳಲ್ಲಿ ಮೇಲೆತ್ತಿ ಹಾಡುತ್ತಾರೆ. ಪೆದ್ರೊ ದೆ ಮೇನಾ ಕೆತ್ತಿದ ಮೂಲ ಶಿಲ್ಪ 1931ರಲ್ಲಿ ಚರ್ಚುಗಳಿಗೆ ಬೆಂಕಿ ಬಿದ್ದಾಗ ನಾಶವಾಯಿತು. ಈಗಿನದು ಫ್ರಾನ್ಸಿಸ್ಕೊ ಪಾಲ್ಮಾ ಬುರ್ಗೋಸ್ ಅವರದು.

ಉತ್ತರ 3:
ಚೂಪಾದ ಮುಸುಕು ಕಂಡು ಗಾಬರಿಯಾಗಬೇಡಿ. ಅದು ಪಶ್ಚಾತ್ತಾಪಿಗಳ ಪ್ರಾಚೀನ ಉಡುಗೆ. ಹಾಲಿನಲ್ಲಿ ನೆನೆಸಿ, ಮೊಟ್ಟೆಯಲ್ಲಿ ಅದ್ದಿ ಕರಿದ ಬ್ರೆಡ್ಡಿನ ಸಿಹಿಯಾದ ‘ತೊರ್ರಿಹಾ’ವನ್ನೂ ಸವಿಯಿರಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬರುವುದರಿಂದ ವಸತಿಯನ್ನು ಬೇಗನೆ ಕಾಯ್ದಿರಿಸುವುದು ಒಳಿತು.