ಸಿಲ್ಕ್‌ಸಾಂಗ್ ಕಷ್ಟ ಇರಲಿ, ಸೋತಾಗೆಲ್ಲ ಬಾಸ್ ತನಕ ಮತ್ತೆ ಓಡಿಸುವುದು ಯಾಕೆ?

ಕೋಟೆಬೀದಿ:

ಎಲ್ಲರಿಗೂ ನಮಸ್ಕಾರ. ಹಾಲೋ ನೈಟ್: ಸಿಲ್ಕ್‌ಸಾಂಗ್ ಮುಗಿಸಿದೆ. ಅದಕ್ಕೂ ಮುಂಚೆ ತಮ್ಮನ ಪಿಸಿಯಲ್ಲಿ ಕ್ಲೇರ್ ಒಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33 ಆಡಿದ್ದೆ. ಎರಡೂ 2025ರ ಗೇಮ್‌ಗಳು. ಎರಡನ್ನೂ ಜನ ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆ ಹುಸಿ ಅಂತ ನಾನು ಹೇಳುವುದಿಲ್ಲ. ಆದರೆ ಸಿಲ್ಕ್‌ಸಾಂಗ್ ಬಗ್ಗೆ ಎಲ್ಲಿ ಓದಿದರೂ ಜಗಳ ಒಂದೇ. "ಕಷ್ಟ ಅನ್ನೋರಿಗೆ ಆಡೋಕೆ ಬರಲ್ಲ" ಅಂತ ಒಬ್ಬರು, "ಈಸಿ ಮೋಡ್ ಯಾಕೆ ಕೊಟ್ಟಿಲ್ಲ" ಅಂತ ಇನ್ನೊಬ್ಬರು. ನಾನು ಕೇಳಬೇಕಾಗಿರುವುದು ಬೇರೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ, ಅದು ತುಂಬಾ ಇದೆ. ನಾವು ಆಡಿಸುವ ಪಾತ್ರ ಹಾರ್ನೆಟ್ ಓಡುವುದು, ನೆಗೆಯುವುದು, ಗೋಡೆಯ ಅಂಚು ಹಿಡಿದು ಮೇಲೇರುವುದು, ಇಷ್ಟು ಹಿತವಾಗಿ ಕೈಗೆ ಸಿಗುವ ಗೇಮ್ ನಾನು ಆಡಿಲ್ಲ. ಶುರುವಿನಲ್ಲಿ ಅವಳು ಗಾಳಿಯಲ್ಲಿದ್ದಾಗ ಕೆಳಗೆ ಹೊಡೆಯುವ ಏಟು ಓರೆಯಾಗಿ ಹೋಗುತ್ತದೆ. ಇದರ ಹಿಂದಿನ ಗೇಮ್ ಹಾಲೋ ನೈಟ್ ಆಡಿದವರಿಗೆ ಸಿಟ್ಟು ಬರುತ್ತದೆ, ಆಮೇಲೆ ಅದೇ ಅಭ್ಯಾಸವಾಗುತ್ತದೆ. ಒಗ್ಗದಿದ್ದರೆ ವಾಂಡರರ್ ಕ್ರೆಸ್ಟ್ ಹಾಕಿಕೊಳ್ಳಬಹುದು, ಏಟು ನೇರ ಕೆಳಗೇ ಬೀಳುತ್ತದೆ. ಒಂದೊಂದು ಕ್ರೆಸ್ಟ್ ಹಾಕಿದಾಗಲೂ ಹೊಡೆದಾಟದ ರೀತಿಯೇ ಬದಲಾಗುತ್ತದೆ. ಮ್ಯಾಪ್ ಮಾರುವ ಶಾಕ್ರಾ ಎಲ್ಲೋ ಹಾಡುತ್ತಿರುತ್ತಾಳೆ, ಆ ದನಿ ಹಿಡಿದೇ ಅವಳನ್ನು ಹುಡುಕುವುದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕೂತ ಟೀಮ್ ಚೆರ್ರಿ ಅನ್ನುವ ಪುಟ್ಟ ತಂಡ ಇದನ್ನು ಮಾಡಿ 20 ಡಾಲರ್‌ಗೆ ಮಾರಿದೆ. ದೊಡ್ಡ ಕಂಪನಿಗಳ ಗೇಮ್ 70 ಡಾಲರ್ ಆಗಿರುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಎಲ್ಲೂ ತಡವರಿಸದೆ ಓಡಿತು.

ಈಗ ದೂರು. ಶುರುವಿನಲ್ಲಿ 5 ಮಾಸ್ಕ್ ಜೀವ ಇರುತ್ತದೆ. ಬಾಸ್‌ಗಳ, ಅಂದರೆ ದಾರಿ ತಡೆಯುವ ದೊಡ್ಡ ಶತ್ರುಗಳ ಏಟು ಹೆಚ್ಚಾಗಿ 2 ಮಾಸ್ಕ್ ತೆಗೆಯುತ್ತದೆ. ಅಂದರೆ ಮೂರು ಏಟಿಗೆ ಸಾವು. ಊರೆಲ್ಲ ಸುತ್ತಿ 4 ಚೂರು ಕೂಡಿಸಿದರೆ 1 ಮಾಸ್ಕ್ ಸಿಗುತ್ತದೆ, 6 ಆಗುತ್ತದೆ. ಈಗಲೂ ಮೂರು ಏಟಿಗೇ ಸಾವು! ಹುಡುಕಿದ ಶ್ರಮಕ್ಕೆ ಬೆಲೆಯೇ ಸಿಗಲಿಲ್ಲ ಅನಿಸುತ್ತದೆ, ಅಲ್ವಾ? ಇದು ಲೆಕ್ಕದಲ್ಲೇ ಇರುವ ತಪ್ಪು.

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಓಟ. ಬ್ಲಾಸ್ಟೆಡ್ ಸ್ಟೆಪ್ಸ್ ಅನ್ನುವ ಜಾಗದ ಕೊನೆಯಲ್ಲಿ ಲಾಸ್ಟ್ ಜಡ್ಜ್ ಅನ್ನುವ ಬಾಸ್ ಇದ್ದಾಳೆ. ಅವಳ ಹೊಡೆದಾಟ ಚೆನ್ನಾಗಿದೆ, ಅವಳು ಬೆಂಕಿಯ ಧೂಪದಾನಿ ಬೀಸುವ ಲಯ ಒಮ್ಮೆ ಹಿಡಿದರೆ ಮಜಾ ಬರುತ್ತದೆ. ಆದರೆ ಆ ಲಯ ಹಿಡಿಯಬೇಕಾದರೆ ಮೇಲಿಂದ ಮೇಲೆ ಎದುರಿಸಬೇಕು. ಸೋತರೆ ಬೆಂಚ್‌ನಿಂದ (ಸತ್ತಾಗ ನಾವು ಏಳುವ ಜಾಗ) ಮತ್ತೆ ಗಾಳಿ, ಮರಳಿನಿಂದ ಎದ್ದು ಬರುವ ಹುಳು, ಮೇಲೆ ಹಾರುವ ಕೀಟ, ಆಮೇಲೆ ಅವಳ ಬಾಗಿಲು. ಬಾಸ್ ಮುಂದೆ ನಿಲ್ಲುವುದು ಅರ್ಧ ನಿಮಿಷ, ಅಲ್ಲಿಗೆ ಹೋಗುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು. ಬೈಲ್‌ವಾಟರ್ ಅನ್ನುವ ಜಾಗ ಇನ್ನೂ ಕೆಟ್ಟದ್ದು. ಅಲ್ಲಿನ ನೀರಿಗೆ ಬಿದ್ದರೆ ಹುಳು ಮೆತ್ತಿಕೊಂಡು, ಅದನ್ನು ಕಳೆದುಕೊಳ್ಳುವ ತನಕ ಗಾಯ ಮಾಯುವುದಿಲ್ಲ. ಅದನ್ನೆಲ್ಲ ದಾಟಿ ಹೋದರೆ ಬಾಸ್‌ಗಿಂತ ಮುಂಚೆ ಚಿಲ್ಲರೆ ಶತ್ರುಗಳ ಒಂದು ಗುಂಪು ಕಾದಿರುತ್ತದೆ.

ನನ್ನದು ಮೆಡಿಕಲ್ ಶಾಪ್. ಬಾಗಿಲು ಹಾಕಿ, ಊಟ ಮಾಡಿ ಕೂರುವ ಹೊತ್ತಿಗೆ ರಾತ್ರಿ ಹತ್ತೂವರೆ. ನನಗಿರುವುದು ಒಂದು ಗಂಟೆ. ಆ ಗಂಟೆಯನ್ನು ಸೋಲುತ್ತಾ ಕಳೆಯಲು ನಾನು ತಯಾರು. ಸೋಲಿನಲ್ಲಿ ಏನೋ ಕಲಿಯುತ್ತೇನೆ. ಗೊತ್ತಿರುವ ದಾರಿಯನ್ನೇ ಮತ್ತೆ ಮತ್ತೆ ಓಡುವುದರಲ್ಲಿ ಏನು ಕಲಿಯಲಿ?

2022ರಲ್ಲೇ ಎಲ್ಡನ್ ರಿಂಗ್ ಇದಕ್ಕೆ ಉತ್ತರ ಕೊಟ್ಟಿತ್ತು. ಎಷ್ಟೋ ಬಾಸ್‌ಗಳ ಹತ್ತಿರವೇ 'ಸ್ಟೇಕ್ ಆಫ್ ಮರಿಕಾ' ಅಂತ ಒಂದು ಕಂಬ ನೆಟ್ಟಿದ್ದರು. ಸತ್ತರೆ ಅಲ್ಲೇ ಏಳಬಹುದು. ಅದರಿಂದ ಆ ಬಾಸ್‌ಗಳು ಸುಲಭವಾದವಾ? ಇಲ್ಲವಲ್ಲ. ಅದನ್ನು ಮಾಡಿದ, ಕಷ್ಟವನ್ನೇ ಹೆಸರು ಮಾಡಿಕೊಂಡ ಫ್ರಮ್‌ಸಾಫ್ಟ್‌ವೇರ್ ಓಟವನ್ನು ಕಮ್ಮಿ ಮಾಡಿದ ಮೇಲೆ ಟೀಮ್ ಚೆರ್ರಿ ಯಾಕೆ ಉಳಿಸಿಕೊಂಡಿತು?

ನಿಮ್ಮಲ್ಲಿ ಯಾರಿಗಾದರೂ ಈ ಓಟದಿಂದ ನಿಜವಾಗಿ ಉಪಯೋಗ ಆಗಿದೆಯಾ? ಆಗಿದ್ದರೆ ಹೇಗೆ ಅಂತ ಹೇಳಿ. ಕಥೆಯ ಗುಟ್ಟು ಮಾತ್ರ ಯಾರೂ ಬಿಡಬೇಡಿ, ಇನ್ನೂ ಆಡದವರು ಇಲ್ಲಿ ಇದ್ದಾರೆ.

ಕಡಲತಡಿ:

ಅಣ್ಣ, ಮಾಸ್ಕ್ ಲೆಕ್ಕ ಒಪ್ಪಿದೆ. ಓಟದ ಬಗ್ಗೆ ಒಪ್ಪಲ್ಲ.

ಲಾಸ್ಟ್ ಜಡ್ಜ್‌ನ ಎದುರಿಸಲೇಬೇಕು ಅಂತ ಗೇಮ್ ಎಲ್ಲೂ ಹೇಳಿಲ್ಲ. ಸಿನ್ನರ್ಸ್ ರೋಡ್ ಕಡೆಯಿಂದ ಮಂಜಿನ ದಾರಿ ಹುಡುಕಿದರೆ ಬೇರೆ ಬಾಸ್ ಸಿಗುತ್ತಾಳೆ, ಅಲ್ಲಿಂದಲೂ ಗೇಮ್‌ನ ಮುಂದಿನ ಭಾಗವಾದ ಸಿಟಡೆಲ್‌ಗೆ ಹೋಗಬಹುದು. ನಾನು ಹೋಗಿದ್ದು ಹಾಗೇ. ಬೈಲ್‌ವಾಟರ್‌ನಲ್ಲಿ ಒಡೆಯುವ ಗೋಡೆ ಹಿಂದೆ ಒಂದು ಗುಟ್ಟಿನ ಬೆಂಚ್ ಇದೆ. ಸಿಕ್ಕರೆ ಓಟ ಎಷ್ಟೋ ಕಮ್ಮಿಯಾಗುತ್ತೆ. ಅಂದರೆ ಓಟ ತುಂಬಾ ಉದ್ದ ಅನಿಸಿದರೆ ಸುತ್ತಮುತ್ತ ಇನ್ನೂ ಹುಡುಕು ಅಂತ ಗೇಮ್ ಹೇಳುತ್ತಿದೆ. ಹಂಟರ್ಸ್ ಮಾರ್ಚ್‌ನಲ್ಲಿ ಬೆಂಚ್ ಮೇಲೆ ಕೂತರೆ ಬಲೆ ಬೀಳುತ್ತಲ್ವಾ? ಅಲ್ಲೇ ಗೊತ್ತಾಗಬೇಕು, ಈ ಗೇಮ್‌ನಲ್ಲಿ ಬೆಂಚ್ ಕೂಡ ಪುಕ್ಕಟೆ ಅಲ್ಲ ಅಂತ.

ಇನ್ನೊಂದು ಮಾತು. ಓಡಿ ಓಡಿ ನನ್ನ ಕೈ ಪಳಗಿತು. ಮೊದಲು ಆ ಗಾಳಿಯ ಜಾಗ ದಾಟುವಾಗ ಎರಡು ಏಟು ತಿನ್ನುತ್ತಿದ್ದೆ, ಆಮೇಲೆ ಒಂದೂ ಇಲ್ಲ. ಮುಂದೆ ಸಿಟಡೆಲ್ ಒಳಗಿನ ನೆಗೆತಗಳು ನನಗೆ ಕಷ್ಟವೇ ಆಗಲಿಲ್ಲ. ನೀವು ಏನೂ ಕಲಿಯಲಿಲ್ಲ ಅನ್ನುತ್ತೀರಿ, ನನ್ನ ಬೆರಳು ಕಲಿತಿದೆ.

ನನಗೆ ಸಿಟ್ಟಿರುವುದು ಶೆಲ್ ಶಾರ್ಡ್ ಮೇಲೆ, ಅಂದರೆ ಟೂಲ್‌ಗಳನ್ನು (ಹೆಚ್ಚುವರಿ ಆಯುಧ) ಮತ್ತೆ ತುಂಬಿಸೋಕೆ ಬೇಕಾದ ಚೂರುಗಳ ಮೇಲೆ. ಬಾಸ್ ಹತ್ತಿರ ಟೂಲ್ ಬಳಸಿ ಬಳಸಿ ಸೋತರೆ ಶಾರ್ಡ್ ಖಾಲಿ. ಆಮೇಲೆ ಸುಮ್ನೆ ಸಣ್ಣ ಹುಳುಗಳನ್ನು ಹೊಡೆದು ಶಾರ್ಡ್ ಕೂಡಿಸಬೇಕು. ಅದರಿಂದ ಬೆರಳಿಗೂ ಉಪಯೋಗ ಇಲ್ಲ, ತಲೆಗೂ ಇಲ್ಲ. ಕಡೆಗೆ ನಾನು ಟೂಲ್ ಬಳಸುವುದನ್ನೇ ಬಿಟ್ಟೆ. ಅಷ್ಟು ಚೆಂದದ ಟೂಲ್‌ಗಳನ್ನು ಮಾಡಿಟ್ಟು, ಬಳಸೋಕೆ ಹೆದರುವ ಹಾಗೆ ಮಾಡಿದ್ದು ಈ ಗೇಮ್‌ನ ದೊಡ್ಡ ತಪ್ಪು. ವಿಶ್ ಬೋರ್ಡ್‌ನಲ್ಲಿರುವ 'ಇಷ್ಟು ಸಾಮಾನು ತಂದುಕೊಡು' ಕೆಲಸಗಳೂ ನನಗೆ ಬೇಸರ.

ಎಂಟನೇ ಕ್ರಾಸ್:

ನಾನು ಸಿಲ್ಕ್‌ಸಾಂಗ್ ಅರ್ಧಕ್ಕೆ ಬಿಟ್ಟವನು, ಅದರ ಬಗ್ಗೆ ಮಾತಾಡಲ್ಲ. ಎಕ್ಸ್‌ಪೆಡಿಷನ್ 33 ಪೂರ್ತಿ ಆಡಿದ್ದೇನೆ. ಪ್ರಶಸ್ತಿ ಬಂದ ಮೇಲೆ ಅದರ ತಪ್ಪು ಹೇಳಿದರೆ ಜನ ಮೈಮೇಲೆ ಬೀಳುತ್ತಾರೆ, ಅದಕ್ಕೇ ಇಲ್ಲಿ ಹೇಳುತ್ತೇನೆ.

ಕಥೆಯ ಶುರು ಯಾರೂ ಮರೆಯುವಂಥದ್ದಲ್ಲ. ಪ್ರತಿ ವರ್ಷ ಒಂದು ಸಂಖ್ಯೆ ಬರೆಯಲಾಗುತ್ತದೆ, ಆ ವಯಸ್ಸಿನವರೆಲ್ಲ ಇಲ್ಲವಾಗುತ್ತಾರೆ. ಆ ಮೊದಲ ಗಂಟೆ ನೋಡಿ ನನ್ನ ಹೆಂಡತಿಯೂ ಪಕ್ಕ ಕೂತಳು, ಕೊನೆ ತನಕ ಎದ್ದು ಹೋಗಲಿಲ್ಲ. ಲೋರಿಯೆನ್ ಟೆಸ್ಟಾರ್ ಸಂಗೀತ ಈಗಲೂ ಬೈಕ್‌ನಲ್ಲಿ ಹೋಗುವಾಗ ತಲೆಯಲ್ಲಿ ಓಡುತ್ತದೆ. ಸರದಿ ಪ್ರಕಾರ ಹೊಡೆಯುವ ಗೇಮ್ ಅಂದರೆ ನಿದ್ದೆ ಬರುತ್ತದೆ ಅನ್ನುತ್ತಿದ್ದವನು ನಾನು. ಶತ್ರುವಿನ ಸರದಿಯಲ್ಲೂ ಪ್ಯಾರಿ ಮಾಡಬೇಕು, ಅಂದರೆ ಸರಿಯಾದ ಕ್ಷಣಕ್ಕೆ ಏಟು ತಡೆಯಬೇಕು ಅಂತ ಇಟ್ಟರಲ್ಲ, ಆ ಒಂದು ಯೋಚನೆಯಿಂದ ಇಡೀ ಗೇಮ್ ಜೀವ ಹಿಡಿದು ಕೂತಿದೆ.

ಆದರೆ ಮೂರನೇ ಅಂಕ! ಅಲ್ಲಿಯ ತನಕ ಒಂದು ಏಟಿಗೆ 9,999 ಡ್ಯಾಮೇಜ್ ಮಿತಿ ಇರುತ್ತದೆ. ಮೂರನೇ ಅಂಕದಲ್ಲಿ ಆ ಮಿತಿ ತೆಗೆಯುವ ಪಿಕ್ಟೋ (ಪಾತ್ರಕ್ಕೆ ತೊಡಿಸುವ, ಶಕ್ತಿ ಕೊಡುವ ವಸ್ತು) ಸಿಗುತ್ತದೆ. ಮ್ಯಾಪ್ ತುಂಬಾ ಹೊಸ ಜಾಗಗಳು ತೆರೆಯುತ್ತವೆ. ಆಸೆಪಟ್ಟು ಅವನ್ನೆಲ್ಲ ಮುಗಿಸಿ ಕೊನೆಯ ಬಾಸ್ ಹತ್ತಿರ ಹೋದರೆ ಅವನು ಹೊಡೆಯುವ ಮುಂಚೆಯೇ ಮುಗಿದುಹೋಗುತ್ತಾನೆ. ಕಥೆ ಅತಿ ಭಾರವಾಗಿರುವ ಆ ಗಳಿಗೆಯಲ್ಲಿ ಹೊಡೆದಾಟಕ್ಕೆ ತೂಕವೇ ಇಲ್ಲ. ಕೋಟೆಬೀದಿಯವರು ಸೋತಾಗ ಆಗುವ ನಷ್ಟ ಹೇಳಿದರು, ಇದು ಗೆದ್ದಾಗ ಆಗುವ ನಷ್ಟ. ಗೇಮ್ ಪೂರ್ತಿ ನೋಡಬೇಕು ಅಂತ ಪ್ರೀತಿಯಿಂದ ಸುತ್ತಿದವನಿಗೇ ಕೊನೆ ಸಪ್ಪೆ. ಕಥೆಯ ದಾರಿ ಹಿಡಿದು ನೇರ ಹೋದವನಿಗೆ ಸರಿಯಾದ ಕೊನೆ.

ಡಂಜನ್‌ಗಳ ಒಳಗೆ ಮಿನಿಮ್ಯಾಪ್ ಇಲ್ಲದ್ದು ನನಗೆ ತೊಂದರೆಯಾಯಿತು. ಎಲ್ಲ ಕಡೆ ಒಂದೇ ಥರದ ಬಂಡೆ, ಹೊಡೆದಾಟ ಮುಗಿದ ಮೇಲೆ ಎತ್ತ ಮುಖ ಮಾಡಿದ್ದೆ ಅಂತ ಮರೆತುಹೋಗುತ್ತದೆ. ಗೆಸ್ಟ್ರಲ್ ಬೀಚ್‌ಗಳ ನೆಗೆತದ ಆಟಗಳನ್ನು ಬಿಟ್ಟರೂ ನಷ್ಟವಿಲ್ಲ. ಆ ಪಾತ್ರಗಳು ನೆಗೆಯುವುದಕ್ಕೆ ಮಾಡಿದವಲ್ಲ.

ಬಣ್ಣದಡಬ್ಬಿ:

ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಗೇಮ್‌ಗಳಿಗೆ 3ಡಿ ಕೆಲಸ ಮಾಡುತ್ತೇನೆ. ಬಂಡೆ, ಗೋಡೆ, ಮುರಿದ ಕುರ್ಚಿ, ಇಂಥವೇ. ಹಾಗಾಗಿ ಒಂದು ವಿಷಯ ಹೇಳಲೇಬೇಕು.

ಎಕ್ಸ್‌ಪೆಡಿಷನ್ 33 ಬಗ್ಗೆ "30 ಜನ ಸೇರಿ ಮಾಡಿದರು" ಅಂತ ಎಲ್ಲರೂ ಬರೆದರು. ಅದನ್ನು ಮಾಡಿದ ಫ್ರಾನ್ಸ್‌ನ ಮೊಂಪೆಲಿಯೆಯ ಸ್ಯಾಂಡ್‌ಫಾಲ್ ತಂಡ ಚಿಕ್ಕದು, ಅದು ನಿಜ. ಆದರೆ ಹೊಡೆದಾಟದ ಅನಿಮೇಷನ್‌ಗೆ ಕೊರಿಯಾದ ಒಂದು ತಂಡ ಕೆಲಸ ಮಾಡಿದೆ. ಟೆಸ್ಟಿಂಗ್, ಅನುವಾದ, ವಾದ್ಯ ನುಡಿಸಿದವರು, ಎಲ್ಲ ಸೇರಿದರೆ ಪಟ್ಟಿ ಉದ್ದವಾಗುತ್ತದೆ. ಎಲ್ಲರೂ ಮೆಚ್ಚಿದ ಆ ಪ್ಯಾರಿ ನಿಂತಿರುವುದೇ ಅನಿಮೇಷನ್ ಮೇಲೆ. ಶತ್ರು ಕತ್ತಿ ಎತ್ತಿ ಒಂದು ಕ್ಷಣ ತಡೆದು ಹೊಡೆಯುತ್ತಾನಲ್ಲ, ಆ ತಡೆಯುವ ಕ್ಷಣವನ್ನು ಯಾರೋ ಕೂತು ಫ್ರೇಮ್ ಫ್ರೇಮ್ ತಿದ್ದಿರುತ್ತಾರೆ. 30ರ ಲೆಕ್ಕದಲ್ಲಿ ಅವರು ಕಾಣುವುದಿಲ್ಲ. ನಮ್ಮೂರಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಹೊರದೇಶದ ಗೇಮ್‌ಗಳಿಗೆ ಇಂಥ ಕೆಲಸ ನಡೆಯುತ್ತಲೇ ಇದೆ. 2019ರಲ್ಲಿ ರಾಕ್‌ಸ್ಟಾರ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ವಿಮರ್ಶೆ ಬರೆಯುವವರು ಕೊನೆಯ ಹೆಸರುಗಳ ಪಟ್ಟಿಯನ್ನೂ ಒಮ್ಮೆ ನೋಡಲಿ ಅಂತ ನನ್ನ ಆಸೆ.

ಕೋಟೆಬೀದಿ ಅವರ ಪ್ರಶ್ನೆಗೆ: ಸಿಲ್ಕ್‌ಸಾಂಗ್‌ನ ಪ್ರತಿ ಪರದೆಯ ಚಿತ್ರ ನೋಡಿ. ಮುಂದೆ ಕಪ್ಪು ನೆರಳು, ನಡುವೆ ನಾವು ಓಡುವ ನೆಲ, ಹಿಂದೆ ಪದರ ಪದರ ಮಂಜು. ಮೊದಲ ಸಲ ಓಡುವಾಗ ಕಣ್ಣು ತುಂಬುತ್ತದೆ. ಅದೇ ದಾರಿಯಲ್ಲಿ ಬಾಸ್‌ಗೋಸ್ಕರ ಮತ್ತೆ ಮತ್ತೆ ಓಡುವಾಗ ಯಾರೂ ಚಿತ್ರ ನೋಡುವುದಿಲ್ಲ, ಮುಳ್ಳು ಮಾತ್ರ ನೋಡುತ್ತಾರೆ. ಚಿತ್ರ ಮಾಡುವವಳಾಗಿ ನನಗೆ ಓಟದ ಮೇಲಿರುವ ಸಿಟ್ಟು ಅದೇ.

ಕೋಟೆಬೀದಿ:

ಎಲ್ಲರಿಗೂ ಥ್ಯಾಂಕ್ಸ್.

ಕಡಲತಡಿ ತಮ್ಮಾ, ಬೆರಳು ಕಲಿಯುತ್ತದೆ ಅನ್ನುವುದು ಸರಿಯಾದ ಉತ್ತರ, ಅದನ್ನು ನಾನು ಯೋಚಿಸಿರಲಿಲ್ಲ. ಬ್ಲಾಸ್ಟೆಡ್ ಸ್ಟೆಪ್ಸ್ ಮಟ್ಟಿಗೆ ಒಪ್ಪುತ್ತೇನೆ, ಅಲ್ಲಿ ನೆಗೆತ ಇದೆ. ಆದರೆ ಬೆರಳು ಕಲಿತು ಮುಗಿದ ಮೇಲೂ ಓಟ ಮುಗಿಯುವುದಿಲ್ಲವಲ್ಲ? ಒಂದೂ ಏಟು ತಿನ್ನದೆ ಬಾಸ್ ಬಾಗಿಲಿಗೆ ಬಂದವನಿಗೆ ಅಲ್ಲೇ ಒಂದು ಬೆಂಚ್ ತೆರೆದುಕೊಳ್ಳಲಿ. ದಾರಿ ಕಲಿತದ್ದಕ್ಕೆ ಅದು ತಕ್ಕ ಬಹುಮಾನ. ಬೈಲ್‌ವಾಟರ್ ಬೆಂಚ್ ಮಾತ್ರ ನಾನು ಒಪ್ಪಲ್ಲ. ಗೋಡೆ ಒಡೆದು ನೋಡಿದವನಿಗೆ ಸುಖ, ನೋಡದವನಿಗೆ ಗಂಟೆಗಟ್ಟಲೆ ಶಿಕ್ಷೆ. ಗುಟ್ಟಿನ ಜಾಗದಲ್ಲಿ ಹೊಸ ಟೂಲ್ ಇಡಲಿ, ಹಾಡು ಇಡಲಿ, ಕಥೆಯ ಒಂದು ತುಣುಕು ಇಡಲಿ. ಅಗತ್ಯದ ವಸ್ತುವನ್ನು ಬಚ್ಚಿಡಬಾರದು.

ಟೀಮ್ ಚೆರ್ರಿ ಕಿವಿ ಮುಚ್ಚಿಕೊಂಡು ಕೂತಿಲ್ಲ ಅನ್ನುವುದೂ ಹೇಳಬೇಕು. ಬಿಡುಗಡೆಯಾದ ತಿಂಗಳಲ್ಲೇ ಬಂದ ಪ್ಯಾಚ್‌ನಲ್ಲಿ (ಗೇಮ್‌ನ ತಿದ್ದುಪಡಿ) ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಅನ್ನುವ ಎರಡು ಬಾಸ್‌ಗಳನ್ನೂ ಸ್ವಲ್ಪ ಸಡಿಲ ಮಾಡಿದರು. ಕೆಲವು ಬೆಂಚ್‌ಗಳ ಬೆಲೆ ಇಳಿಸಿದರು, ರೋಸರಿ (ಗೇಮ್‌ನೊಳಗಿನ ಹಣ) ಜಾಸ್ತಿ ಸಿಗುವ ಹಾಗೆ ಮಾಡಿದರು. ಬಾಸ್‌ನ ಏಟು ತಿದ್ದಿದರು, ದಾರಿಯ ಉದ್ದ ಹಾಗೇ ಬಿಟ್ಟರು. ನನಗೆ ಬೇಕಾಗಿದ್ದು ಇದರ ತಲೆಕೆಳಗು.

ಬಣ್ಣದಡಬ್ಬಿ ಅವರೇ, ಮುಳ್ಳು ಮಾತ್ರ ಕಾಣುತ್ತದೆ ಅಂದಿರಲ್ಲ, ನನ್ನ ಮನಸ್ಸಿನಲ್ಲಿದ್ದದ್ದನ್ನು ನನಗಿಂತ ಚೆನ್ನಾಗಿ ಹೇಳಿದ್ದೀರಿ.

ಇದೇ ಜಾತಿಯ ಗೇಮ್‌ನಲ್ಲಿ ಆಡುವವರ ಸಮಯಕ್ಕೆ ಬೆಲೆ ಕೊಟ್ಟದ್ದು ಅಂದರೆ ನನ್ನ ಪ್ರಕಾರ 2024ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್. ಅದೂ ಮೊಂಪೆಲಿಯೆಯದೇ, ಯೂಬಿಸಾಫ್ಟ್ ಸ್ಟುಡಿಯೋ. ತೆರೆಯಲಾಗದ ಬಾಗಿಲು ಕಂಡರೆ ಅದರ ಫೋಟೋ ತೆಗೆದು ಮ್ಯಾಪ್ ಮೇಲೆ ಅಂಟಿಸಿಡಬಹುದು. ವಾರ ಬಿಟ್ಟು ಬಂದರೂ ಎಲ್ಲಿ ಏನಿತ್ತು ಅಂತ ತಕ್ಷಣ ತಿಳಿಯುತ್ತದೆ. ನೆಗೆತ ಆಗದವರಿಗೆ ಆ ಭಾಗ ದಾಟಿಸುವ ಆಯ್ಕೆಯೂ ಇದೆ, ಬೇಡದವರು ಮುಟ್ಟಬೇಕಾಗಿಲ್ಲ. ಮಾತುಕತೆ ಸಪ್ಪೆ, ಪಾತ್ರಗಳು ನೆನಪಿನಲ್ಲಿ ಉಳಿಯುವುದಿಲ್ಲ, ಅದು ಅದರ ಕೊರತೆ. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ ಅಂತ ಅದೇ ವರ್ಷ ಆ ತಂಡವನ್ನು ಬೇರೆ ಬೇರೆ ಗೇಮ್‌ಗಳಿಗೆ ಹಂಚಿಬಿಟ್ಟರು. ನನಗೆ ಇದು ತುಂಬಾ ನೋವು ತಂದ ಸುದ್ದಿ.

ಕಡಲತಡಿ:

ಏಟು ತಿನ್ನದೆ ಬಂದವರಿಗೆ ಬೆಂಚ್! ಅಣ್ಣ, ಇದು ನಿಜವಾಗಲೂ ಒಳ್ಳೆ ಯೋಚನೆ. ಇದನ್ನು ಟೀಮ್ ಚೆರ್ರಿಗೆ ಬರೆದು ಹಾಕಿ. ಲಾಸ್ಟ್ ಕ್ರೌನ್ ನಾನು ಆಡಿಲ್ಲ. ಪರೀಕ್ಷೆ ಮುಗಿಯಲಿ, ಸೇಲ್ ಬಂದಾಗ ತಗೊಳ್ತೀನಿ.