ಪೇಟೆ ಬೀದಿ ಹೊಸದಾಗುವಾಗ ಜನರ ಮಾತು ಸೇರಿಸೋದು ಹೇಗೆ? ಅನುಭವ ಇದ್ದವರು ಹೇಳಿ

ನಮ್ಮ ಪುರಸಭೆ ಬಸ್ ಸ್ಟ್ಯಾಂಡಿನಿಂದ ಸಂತೆ ಮೈದಾನದವರೆಗಿನ ಪೇಟೆ ಬೀದಿಯನ್ನು ಹೊಸದಾಗಿ ಮಾಡಲಿದೆ. ಫುಟ್‌ಪಾತ್, ಚರಂಡಿ, ಪಾರ್ಕಿಂಗ್ ಎಲ್ಲ ಸೇರಿದೆ. ನಕ್ಷೆ ಇನ್ನೂ ಅಂತಿಮ ಆಗಿಲ್ಲ. ಜನರ ಮಾತೂ ಅದರಲ್ಲಿ ಬರಲಿ ಅಂತ ನಾವು ಏಳೆಂಟು ಜನ ಓಡಾಡುತ್ತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

*

ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಸೋಮವಾರ ಬೆಳಿಗ್ಗೆ 11ಕ್ಕೆ ಸಮುದಾಯ ಭವನದಲ್ಲಿ ಸಭೆ ಕರೆದೆವು. ಬಂದವರೆಲ್ಲ ಹೆಚ್ಚುಕಡಿಮೆ ಕಟ್ಟಡದ ಮಾಲೀಕರೇ. ಹೂವಿನವರು, ತರಕಾರಿಯವರು, ಹಮಾಲರು ಒಬ್ಬರೂ ಇಲ್ಲ. ಅವರಿಗೆ ಅದು ದುಡಿಯುವ ಹೊತ್ತು, ಬರೋದಾದರೂ ಹೇಗೆ ಅಲ್ವಾ?

ಎರಡನೇ ಸಲ ಬೆಳಿಗ್ಗೆ 6ಕ್ಕೇ ಪೇಟೆಗೆ ಹೋದೆವು. ನಕ್ಷೆಯಲ್ಲಿದ್ದ ಫುಟ್‌ಪಾತನ್ನು ಅಷ್ಟೇ ಅಗಲಕ್ಕೆ ರಸ್ತೆ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದೆವು. ಹೂವಿನ ಅಕ್ಕ ಒಬ್ಬರು ಬುಟ್ಟಿ, ಮಣೆ ತಂದು ಗೆರೆಯೊಳಗೆ ಕೂತೇಬಿಟ್ಟರು. "ನಾನು ಇಲ್ಲಿ ಕೂತರೆ ಗಿರಾಕಿ ಎಲ್ಲಿ ನಿಲ್ಲೋದು ಸಾರ್, ಬಸ್ಸಿನ ಮುಂದೆಯಾ?" ಅಂದರು. ಎಂಜಿನಿಯರ್ ಟೇಪ್ ತೆಗೆದು ಅಳೆದರು. ಅಷ್ಟರಲ್ಲಿ ಟೊಮೆಟೊ ತುಂಬಿದ ಲಗೇಜ್ ಆಟೊ ಹಿಂದಕ್ಕೆ ಬಂದು, ನಕ್ಷೆಯಲ್ಲಿ ಗಿಡದ ಕಟ್ಟೆ ಇದ್ದ ಜಾಗದಲ್ಲೇ ನಿಂತಿತು. ದಿನಾ ಅಲ್ಲೇ ಮಾಲು ಇಳಿಯೋದು, ನಕ್ಷೆ ಬರೆದವರಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಕಟ್ಟೆ ಪಕ್ಕಕ್ಕೆ ಹೋಯಿತು, ಮಾಲು ಇಳಿಸುವ ಜಾಗ ಉಳಿಯಿತು. ಆ ಒಂದು ಬೆಳಿಗ್ಗೆ ಸಿಕ್ಕಿದ್ದು ಭವನದ ಸಭೆಯಲ್ಲಿ ಸಿಕ್ಕಿರಲಿಲ್ಲ.

*

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಕಾನೂನು ನಿಮ್ಮ ಕಡೆ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಟೌನ್ ವೆಂಡಿಂಗ್ ಕಮಿಟಿ, ಅಂದರೆ ಊರಿನ ಬೀದಿ ವ್ಯಾಪಾರದ ವಿಷಯ ನೋಡುವ ಸಮಿತಿ, ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ, ಅವರೊಳಗೆ ಮೂರನೇ ಒಂದು ಭಾಗ ಹೆಂಗಸರು. ನಿಮ್ಮೂರಲ್ಲಿ ಕಮಿಟಿ ಇದೆಯಾ, ಕೊನೆಯ ಸಭೆ ಯಾವಾಗ ನಡೆಯಿತು ಅಂತ ಮೊದಲು ಕೇಳಿ. ಇನ್ನೊಂದು, ಊರಿನ ಮಾಸ್ಟರ್ ಪ್ಲಾನ್ (ಇಡೀ ಊರು ಹೇಗೆ ಬೆಳೆಯಬೇಕು ಅನ್ನುವ ಯೋಜನೆ) ಪ್ರಕಟವಾದರೆ ಆಕ್ಷೇಪಣೆ ಕೊಡಲು 60 ದಿನ ಇರುತ್ತದೆ. ಒಂದೇ ಬೀದಿಯ ಕಾಮಗಾರಿಗೆ ಆ 60 ದಿನ ಸಿಗುತ್ತದೆ ಅಂತ ಸುಮ್ನೆ ಕಾಯಬೇಡಿ. ಟೆಂಡರ್ ಕರೆಯುವ ಮೊದಲೇ ಅರ್ಜಿ ಕೊಟ್ಟು, ಸೀಲ್ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ.

*

ಅಂಗಡಿಯವರಿಗೆ ಇರುವ ಹೆದರಿಕೆ ಒಂದೇ, "ಗಾಡಿ ನಿಲ್ಲಿಸಲು ಬಿಡದಿದ್ದರೆ ಗಿರಾಕಿ ಬರಲ್ಲ". ವಾದ ಮಾಡಿ ಗೆಲ್ಲಲು ಆಗಲ್ಲ, ಮಾಡಿ ತೋರಿಸಬೇಕು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಗಾಡಿ ಬಿಡದೆ ನೋಡಿದರು. ಆಗ ಗಾಳಿ ಎಷ್ಟು ಶುದ್ಧ ಇದೆ ಅಂತ ಅಳತೆಯನ್ನೂ ಮಾಡಿದರು. ನಾವು ಸಣ್ಣ ಊರಿನವರು, ಎರಡು ಭಾನುವಾರ ಡ್ರಮ್ ಅಡ್ಡ ಇಟ್ಟು ನೋಡಿದೆವು. ಬಟ್ಟೆ ಅಂಗಡಿಯವರಿಗೆ ಇಷ್ಟವಾಯಿತು. ಸಿಮೆಂಟ್, ಗೊಬ್ಬರದ ಅಂಗಡಿಯವರಿಗೆ ನಿಜವಾಗಿಯೂ ತೊಂದರೆ ಆಯಿತು. ಅದನ್ನೂ ಮರೆಮಾಚದೆ ಬರೆದುಕೊಂಡೆವು, ಅವರ ಮುಂದೆ ಬೆಳಿಗ್ಗೆ 9ರವರೆಗೆ ಲಾರಿಗೆ ಜಾಗ ಬಿಡಬೇಕು ಅಂತ ಕೇಳಿದೆವು.

*

ಹೆಂಗಸರನ್ನು ಬೇರೆಯಾಗಿ ಕೇಳಿ. ಗಂಡಸರೂ ಇದ್ದ ಸಭೆಯಲ್ಲಿ ಶೌಚಾಲಯದ ಮಾತು ಒಬ್ಬರೂ ಎತ್ತಲಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಕೂತಾಗ ಎಲ್ಲರೂ ಮೊದಲು ಹೇಳಿದ್ದೇ ಅದು. ಸಂತೆ ದಿನ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಅಂದರು ಒಬ್ಬ ಅಜ್ಜಿ, ಹೋಗಲು ಜಾಗ ಇಲ್ಲ ಅಂತ.