ಅಪ್‌ಡೇಟ್: ಎಂಟು ಮನೆಗೆ ಒಂದೇ ಡಿಶ್, ಕೊನೆಗೂ ಆಯ್ತು

ನಮ್ಮ ಶಿವಮೊಗ್ಗದ ಅಪಾರ್ಟ್‌ಮೆಂಟಿನ ಟೆರೇಸಲ್ಲಿ ಎಂಟು ಟಿವಿ ಡಿಶ್, ಗೋಡೆ ತುಂಬ ವೈರು, ಇದನ್ನು ಒಂದಕ್ಕೆ ಇಳಿಸೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸಾದಾ ಸ್ಪ್ಲಿಟರ್ (ಒಂದು ವೈರನ್ನು ಹಲವಕ್ಕೆ ಕವಲೊಡೆಸೋದು) ಹಾಕಿ ನೋಡಿ ಅಂತ ಕೆಲವರು ಅಂದಿದ್ರಲ್ಲ, ಅದು ನಡೀಲಿಲ್ಲ. ಪ್ರತಿ ಸೆಟ್‌ ಟಾಪ್ ಬಾಕ್ಸ್ ತನಗೆ ಬೇಕಾದ ಚಾನೆಲ್‌ಗೆ ತಕ್ಕಂತೆ ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಭಾಗ) 13 ಅಥವಾ 18 ವೋಲ್ಟ್ ಕಳಿಸುತ್ತೆ. ಯಾವ ಗುಂಪಿನ ಚಾನೆಲ್ ಬರಬೇಕು ಅಂತ ಅದೇ ಹೇಳೋದು, ಹಾಗಾಗಿ ಒಂದು ಮನೆಯವರು ಚಾನೆಲ್ ಬದಲಿಸಿದರೆ ಇನ್ನೊಂದು ಮನೆಯ ಚಿತ್ರ ಹೋಗಬಹುದು. ಡಿಶ್ ಬಿಟ್ಟು ಫೈಬರ್ ಇಂಟರ್ನೆಟ್‌ನಲ್ಲೇ ಟಿವಿ ಹಾಕಿಸಿ ಅನ್ನೋದು ಒಳ್ಳೆ ಸಲಹೆಯೇ, ಆದರೆ ಹಿರಿಯರಿಗೆ ಹಳೆ ರಿಮೋಟೇ ಬೇಕು.

ಕೆಲಸ ಮಾಡಿದ್ದು ಕ್ವಾಟ್ರೋ ಎಲ್‌ಎನ್‌ಬಿ (ನಾಲ್ಕು ಗುಂಪಿನ ಸಿಗ್ನಲನ್ನು ಬೇರೆ ಬೇರೆ ವೈರಲ್ಲಿ ಕೊಡೋದು) ಮತ್ತು ಮಲ್ಟಿಸ್ವಿಚ್ (ಪ್ರತಿ ಬಾಕ್ಸ್ ಕೇಳಿದ ಗುಂಪನ್ನು ಅದಕ್ಕೆ ಕೊಡೋ ಪೆಟ್ಟಿಗೆ). ದೊಡ್ಡ ಡಿಶ್ ಒಂದೇ, ಅದರಿಂದ ನಾಲ್ಕು ವೈರು ಮೆಟ್ಟಿಲ ಮನೆಯ ಮಲ್ಟಿಸ್ವಿಚ್‌ಗೆ, ಅಲ್ಲಿಂದ ಮನೆಗೊಂದು ವೈರು. ಬಾಕ್ಸು, ರೀಚಾರ್ಜು ಅವರವರದ್ದೇ. ಆದರೆ ಎಲ್ಲರೂ ಒಂದೇ ಕಂಪನಿಯವರಾಗಬೇಕು, ಬೇರೆ ಕಂಪನಿ ಅಂದ್ರೆ ಸಾಮಾನ್ಯವಾಗಿ ಬೇರೆ ಉಪಗ್ರಹ, ಬೇರೆ ಉಪಗ್ರಹ ಅಂದ್ರೆ ಬೇರೆ ಡಿಶ್ಶೇ. ಅದನ್ನು ಒಪ್ಪಿಸೋಕೇ ಜಾಸ್ತಿ ಹೊತ್ತು ಹಿಡೀತು! ದೂರದರ್ಶನದ ಉಚಿತ ಸೇವೆ ಫ್ರೀ ಡಿಶ್ ಕೂಡ ಬೇಕು ಅಂದವರಿಗೆ ಅದರದೇ ಡಿಶ್ ಒಂದನ್ನು ಬೇರೆ ಇಟ್ಟೆವು. ಅದರ ಉಪಗ್ರಹ ಜಿಸ್ಯಾಟ್‌ 15, ನಮಗೆ ಆಗ್ನೇಯಕ್ಕೆ, ಹಲಸಿನ ಮರ ಅಡ್ಡ ಬರದ ಮೂಲೆ ಹುಡುಕಬೇಕಾಯ್ತು.

ಆಶ್ಚರ್ಯ ಆಗಿದ್ದು ಹಳೆ ಕನೆಕ್ಟರ್ ಬಿಚ್ಚಿದಾಗ. ಒಳಗೆ ಹಸಿರು ಕಿಲುಬು, ನೀರು ಇಳಿದಿತ್ತು. ಮಳೆಗೆ ಸಿಗ್ನಲ್ ಹೋಗೋದು ಮೋಡ, ಮಳೆಹನಿಯಿಂದ ಮಾತ್ರ ಅಲ್ಲ, ಹೀಗೂ ಹೋಗುತ್ತೆ. ಈಗ ನೀರು ಒಳಗೆ ಇಳಿಯದೆ ಕೆಳಗೇ ತೊಟ್ಟಿಕ್ಕಲಿ ಅಂತ ವೈರನ್ನು ಕನೆಕ್ಟರಿಗಿಂತ ಕೆಳಗೆ ಬಾಗಿಸಿ, ಕನೆಕ್ಟರ್ ಮೇಲೆ ಟೇಪ್ ಸುತ್ತಿಸಿದ್ದೇವೆ. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಇದನ್ನು ಖಂಡಿತ ನೋಡಿಸಿ.